ಕೈ ನೋವಿಗೆ ಮುಲಾಮು ಹಚ್ಚೋ ಮೊದಲು ಹಿಡಿ ಅಳೆದು ನೋಡಿ

ಹೋದ ಮುಂಗಾರಿನಲ್ಲಿ ಒಂದು ದಿನ ಅಮ್ಮನ ಕುರ್ಪಿ ಕೈಗೆ ತಗೊಂಡೆ. ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ಅದರ ಮೇಲೆ ಹಳೇ ಸೀರೆಯ ಚೂರು ಕಟ್ಟಿದ್ದಳು. ಯಾಕಮ್ಮಾ ಅಂದ್ರೆ, "ಅಂಗೈ ಒತ್ತುತ್ತೆ ಕಣೋ, ನಾಲ್ಕು ವರ್ಷದಿಂದ ಹಿಂಗೇ" ಅಂದಳು. ರಾತ್ರಿ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಎಚ್ಚರ ಆಗುತ್ತಂತೆ.

ನಾನು ತೋಟಗಾರಿಕೆ ಓದಿ ಊರಿಗೆ ವಾಪಸ್ ಬಂದವನು. ಮಣ್ಣಿನ ಪಿಎಚ್ ಅಳೆದಿದ್ದೀನಿ, ಹನಿ ನೀರಿನ ಲೆಕ್ಕ ಬರೆದಿಟ್ಟಿದ್ದೀನಿ. ಈ ಹಿಡಿ ಮಾತ್ರ ಯಾವತ್ತೂ ಅಳೆದಿರಲಿಲ್ಲ. ಕಳೆನಾಶಕ ಬೇಡ ಅಂತ ತೀರ್ಮಾನ ಮಾಡಿದ್ದು ನಾನು. ಆ ಕಳೆ ಕಿತ್ತಿದ್ದು ಅಮ್ಮನ ಕೈ.

ಅವತ್ತೇ ಟ್ಯೂಬ್ ಬಿಚ್ಚಿ ಅಳೆದೆ. ಹಿಡಿಯ ದಪ್ಪ 21 ಮಿ.ಮೀ., ಉದ್ದ 9 ಸೆಂ.ಮೀ. ಇಷ್ಟು ಸಣ್ಣ ಹಿಡಿಯನ್ನ ಜಾರದ ಹಾಗೆ ಹಿಡಿಯೋಕೆ ಬೆರಳು ಪೂರ್ತಿ ಮಡಚಿ ಬಿಗಿ ಮಾಡಬೇಕು. ಉದ್ದ ಸಾಲದ್ದಕ್ಕೆ ಹಿಡಿಯ ತುದಿ ಅಂಗೈ ನಡುವಿಗೇ ಬಂದು ಚುಚ್ಚುತ್ತೆ. ದಿನಕ್ಕೆ ಸಾವಿರ ಸಲ ಹೀಗೆ ಚುಚ್ಚಿದರೆ ಯಾವ ಕೈ ತಡೆಯುತ್ತೆ? ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್, 2004ರಲ್ಲಿ ಕೈ ಉಪಕರಣಗಳ ಬಗ್ಗೆ ತಂದ ಪುಸ್ತಿಕೆಯಲ್ಲಿ ಬಲ ಹಾಕುವ ಕೆಲಸಕ್ಕೆ ಹಿಡಿಯ ದಪ್ಪ ಸುಮಾರು 32ರಿಂದ 50 ಮಿ.ಮೀ., ಉದ್ದ ಕನಿಷ್ಠ 10 ಸೆಂ.ಮೀ. ಇರಲಿ ಅಂತ ಹೇಳಿದೆ. ಸಣ್ಣ ಕೈಗೆ 32ರ ಆಸುಪಾಸು ಸರಿ. ಅಳೆಯೋಕೆ ದಾರ ಸಾಕು. ಹಿಡಿಯ ಸುತ್ತಳತೆ 10 ಸೆಂ.ಮೀ. ಬಂದ್ರೆ ದಪ್ಪ 32 ಮಿ.ಮೀ. ಅಂತ ಲೆಕ್ಕ.

ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ಲ, ನಮ್ಮನೇಲಿ ಕುರ್ಪಿ ಕಾವು ಕೈಗೇ ಮೃತ್ಯು ಆಗಿತ್ತು. ಅಲಗು ಚೆನ್ನಾಗೇ ಇತ್ತು. ಹೊಸ ಹಿಡಿ ಮಾಡೋಣ ಅಂತ ಕೂತೆ.

ಮೊದಲ ಹಿಡಿ ಕೆಟ್ಟೇ ಹೋಯ್ತು. ಬದುವಿನ ಜಾಲಿ ಕೊಂಬೆ ಕಡಿದು, ಹಸಿ ಇರುವಾಗಲೇ ಕೆತ್ತಿ ಅಲಗು ಹೊಡೆದೆ. ಹಸಿ ಮರ ಕೆತ್ತೋಕೆ ಬೆಣ್ಣೆ ಥರ. ಆದ್ರೆ ಒಣಗ್ತಾ ಕುಗ್ಗುತ್ತೆ. ಕುಗ್ಗೋದು ಉದ್ದಕ್ಕಲ್ಲ, ಅಡ್ಡಕ್ಕೆ. ತಿಂಗಳಲ್ಲಿ ಹಿಡಿ ಸೀಳಿ, ಸಾಲಿನ ಮಧ್ಯೆ ಅಲಗು ಕಳಚಿ ಬಿತ್ತು. ಯಾರ ಕಾಲಿಗೂ ತಾಗಲಿಲ್ಲ, ಅದೇ ಪುಣ್ಯ.

ಎರಡನೇ ಸಲ ಸೀಬೆ ಮರ. ಚಾಟನಿ ಮಾಡುವಾಗ ಉಳಿದ ತೋಳು ದಪ್ಪದ ಕೊಂಬೆಯನ್ನ ಗರಗಸದಲ್ಲಿ ಕೊಯ್ಯದೆ, ಮಚ್ಚು ಇಟ್ಟು ಸೀಳಿದೆ. ಸೀಳಿದಾಗ ಮರ ತನ್ನ ನಾರಿನ ದಾರಿಯಲ್ಲೇ ಬಿಡುತ್ತೆ, ಹಿಡಿಯ ಈ ತುದಿಯಿಂದ ಆ ತುದಿವರೆಗೂ ನಾರು ತುಂಡಾಗಲ್ಲ. ಗಂಟಿರೋ ತುಂಡನ್ನ ಒಲೆಗೆ ಹಾಕಿ. ಸೀಳಿದ ತುಂಡುಗಳ ಎರಡೂ ತುದಿಗೆ ಉಳಿದ ಪೇಂಟ್ ಬಳಿದು ನೆರಳಲ್ಲಿಟ್ಟೆ. ತುದಿ ಬೇಗ ಒಣಗಿದ್ರೆ ಬಿರುಕು ಬಿಡುತ್ತೆ, ಅದಕ್ಕೆ ಪೇಂಟು. ಒಣಗಿದೆಯಾ ಅಂತ ತಿಳಿಯೋಕೆ ಅಡುಗೆಮನೆ ತಕ್ಕಡಿ ಇದೆ. ವಾರಕ್ಕೊಮ್ಮೆ ತೂಗಿ, ಫೋನಲ್ಲಿ ಬರ್ಕೊಳ್ಳಿ. ತೂಕ ಇಳಿಯೋದು ನಿಂತ್ರೆ ಮರ ತಯಾರು.

ಜಾಲಿ, ಹುಣಸೆ, ಸೀಬೆ ಮೂರೂ ಗಟ್ಟಿ. ನಿಮ್ಮ ಜಮೀನಲ್ಲೇ ಸಿಗುತ್ತೆ, ಕಾಡಿಗೆ ಹೋಗಬೇಡಿ. ಕಣಗಿಲೆ ಕಡ್ಡಿ ನೆಟ್ಟಗಿದೆ ಅಂತ ಆಸೆ ಪಡಬೇಡಿ, ಗಿಡವೆಲ್ಲ ವಿಷ.

ಕೆತ್ತನೆ ಶುರು ಮಾಡಿದಾಗ ನನ್ನ ಕೈಯೂ ಬೊಬ್ಬೆ ಎದ್ದಿತು. ಉಳಿಯ ಹಿಡಿಯೂ ಅದೇ ಪೆನ್ಸಿಲ್ ಗಾತ್ರ, ಹೊಡೀತಿದ್ದದ್ದು ಕಬ್ಬಿಣದ ಸುತ್ತಿಗೆಯಲ್ಲಿ. ಕಬ್ಬಿಣದ ಪೆಟ್ಟು ನೇರ ಮಣಿಕಟ್ಟಿಗೆ ಏರುತ್ತೆ, ಉಳಿಯ ಹಿಡಿಯನ್ನೂ ಚಚ್ಚಿ ಹಾಕುತ್ತೆ. ಕೆಲಸ ನಿಲ್ಲಿಸಿ ಮೊದಲು ಹುಣಸೆ ತುಂಡಲ್ಲಿ ಒಂದು ಕೊಡತಿ ಮಾಡ್ಕೊಂಡೆ. ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಕ, ಅಷ್ಟೇ. ಆಮೇಲೆ ಉಳಿಗೆ ದಪ್ಪ ಹಿಡಿ. ಈ ಎರಡಕ್ಕೆ ಎರಡು ಭಾನುವಾರ ಹೋಯ್ತು, ದಂಡ ಅನ್ನಿಸಲಿಲ್ಲ. ಇನ್ನೊಂದು ಮಾತು: ಉಳಿಯನ್ನ ಸಾಣೆ ಹಿಡಿಯದೆ ಹಿಡಿ ಬದಲಾಯಿಸಿ ಪ್ರಯೋಜನ ಇಲ್ಲ. ಮೊಂಡು ಅಲಗಿಗೆ ಹಾಕೋ ಹೆಚ್ಚುವರಿ ಬಲವೆಲ್ಲ ಬೆರಳಿನ ಗಂಟಿನಿಂದಲೇ ಬರೋದು.

ಹಿಡಿಯನ್ನ ಪೂರ್ತಿ ದುಂಡಗೆ ಮಾಡಬೇಡಿ, ಮೊಟ್ಟೆಯಾಕಾರಕ್ಕೆ ತನ್ನಿ. ದುಂಡು ಹಿಡಿ ಕೈಯೊಳಗೆ ತಿರುಗುತ್ತೆ, ತಿರುಗದಂತೆ ತಡೆಯೋಕೆ ಮತ್ತೆ ಬಿಗಿ ಹಿಡೀಬೇಕು. ಕೊನೆಯಲ್ಲಿ ಒಡೆದ ಗಾಜಿನ ಚೂರಲ್ಲಿ ಹೆರೆದರೆ ನುಣುಪಾಗುತ್ತೆ, ಬೆರಳು ಜೋಪಾನ. ಅಲಗಿನ ಮೊಳೆ ಇಳಿಸೋಕೆ ಮೊದಲು ಸಣ್ಣ ತೂತು ಕೊರೆದು, ಮೊಳೆಯನ್ನಷ್ಟೇ ಕೆಂಪಗೆ ಕಾಯಿಸಿ ಒತ್ತಿದೆ. ಅಲಗಿನ ಸುತ್ತ ಒದ್ದೆ ಬಟ್ಟೆ ಸುತ್ತಿರಲೇಬೇಕು, ಇಲ್ಲಾಂದ್ರೆ ಅಲಗಿನ ಹದ ಹೋಗುತ್ತೆ. ಹಿಡಿಯ ಬಾಯಿಗೆ ಹಳೇ ಜಿಐ ಪೈಪಿನ ಬಳೆ ತೊಡಿಸಿದರೆ ಸೀಳಲ್ಲ.

ವಾರ್ನಿಷ್ ಬೇಡ. ಬೆವರು ಕೈಗೆ ಜಾರುತ್ತೆ, ಬೊಬ್ಬೆನೂ ಬರುತ್ತೆ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒಣಗಿಸಿ, ಮತ್ತೆ ಹಚ್ಚಿ. ಕೊಬ್ಬರಿ ಎಣ್ಣೆ ಒಣಗಲ್ಲ, ಅಂಟಂಟಾಗೇ ಇರುತ್ತೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮಾತ್ರ ಉಂಡೆ ಮಾಡಿ ಮೂಲೆಗೆ ಎಸೀಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದುಡಿದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಹಿಡಿ ಔಷಧಿ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಜೋಮಿಗೆ ಅಮ್ಮನನ್ನ ವೈದ್ಯರ ಹತ್ತಿರ ಕರ್ಕೊಂಡು ಹೋದೆ. ಮಣಿಕಟ್ಟಿನಲ್ಲಿ ನರ ಒತ್ತಿದೆ ಅಂದ್ರು, ರಾತ್ರಿ ಹಾಕ್ಕೊಳ್ಳೋಕೆ ಪಟ್ಟಿ ಕೊಟ್ರು. ರಾತ್ರಿ ಜೋಮು ಬರ್ತಿದ್ದರೆ, ಕೈಯಿಂದ ವಸ್ತು ಜಾರ್ತಿದ್ದರೆ ನೀವೂ ತಡ ಮಾಡಬೇಡಿ. ನಾಲ್ಕು ವರ್ಷ ಮೊದಲೇ ಹೋಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ.

ಪಟ್ಟಿ ಹಾಕ್ಕೊಳ್ತಾಳೆ, ಹೊಸ ಕುರ್ಪಿಯಲ್ಲಿ ಕಳೆ ತೆಗೀತಾಳೆ. ಜೋಮು ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ. ಕಳೆಯ ಅರ್ಧ ಸಾಲು ಈಗ ನನ್ನದು. ನಮ್ಮ ಹೊಲಕ್ಕೆ ಕೂಲಿಗೆ ಬರೋ ಮೂವರು ಹೆಂಗಸರು ತಮ್ಮ ಕುರ್ಪಿಗಳನ್ನ ಜಗಲಿ ಮೇಲೆ ಇಟ್ಟು ಹೋಗಿದ್ದಾರೆ, ಒಂದೊಂದರ ಜೊತೆ ಅವರವರ ಕೈ ಅಳತೆಗೆ ಗಂಟು ಹಾಕಿದ ದಾರ. ಸೀಬೆ ತುಂಡುಗಳು ತಕ್ಕಡಿಯಲ್ಲಿ ಇನ್ನೂ ವಾರಕ್ಕೆ ಹತ್ತು ಗ್ರಾಂ ಇಳೀತಿವೆ.