ಅಳವಡಿಕೆಯ ಪ್ರಶ್ನೆಗೂ ಕನ್ನಡ ಬೇಕು

ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಅಕ್ಷರ ವಿನ್ಯಾಸ, ಕೀಲಿಮಣೆ, ಪರದೆಯ ಮೇಲಿನ ಆಯ್ಕೆಪಟ್ಟಿಗಳಿಗೇ ಸೀಮಿತವಾಗುತ್ತದೆ. ತಂತ್ರಾಂಶವನ್ನು ಅಳವಡಿಸುವಾಗ ಗಣಕವು ಕೇಳುವ ಪ್ರಶ್ನೆಗಳು ಯಾವ ಭಾಷೆಯಲ್ಲಿರಬೇಕು ಎಂದು ಯೋಚಿಸುವವರು ವಿರಳ. ಆದರೆ ಗ್ರಂಥಾಲಯದ ಪುಸ್ತಕಸೂಚಿ, ಸಹಕಾರ ಸಂಘದ ಲೆಕ್ಕ, ಶಾಲೆಯ ದಾಖಲಾತಿಗಳ ಅಳಿವು ಉಳಿವು ಅನೇಕ ಬಾರಿ ಆ ಪ್ರಶ್ನೆಗಳಿಗೆ ನೀಡುವ ಉತ್ತರವನ್ನೇ ಅವಲಂಬಿಸಿರುತ್ತದೆ.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯ ಅನುಭವ ಇಲ್ಲಿ ಗಮನಾರ್ಹ. ಸ್ವಯಂಸೇವಕರು ಕಟ್ಟಿದ ಈ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪ್ರತಿ ತಂತ್ರಾಂಶವೂ ಒಂದು ಪ್ಯಾಕೇಜ್. ಪಿಎಚ್‌ಪಿಮೈಅಡ್ಮಿನ್, ರೌಂಡ್‌ಕ್ಯೂಬ್, ಕ್ಯಾಕ್ಟೈ ಮುಂತಾದ ಪ್ಯಾಕೇಜ್‌ಗಳಿಗೆ ದತ್ತಸಂಚಯದ ಆಸರೆ ಬೇಕು. ಅದು ಎಲ್ಲಿರಬೇಕು, ಬಳಕೆದಾರನ ಹೆಸರೇನು, ಗುಪ್ತಪದವೇನು ಎಂಬ ಪ್ರಶ್ನೆಗಳನ್ನು ಪ್ರತಿ ಪ್ಯಾಕೇಜ್‌ನ ನಿರ್ವಾಹಕರೂ ತಮಗೆ ತೋಚಿದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೆ ಗೊಂದಲ ತಪ್ಪದು. ಇದಕ್ಕೆ ಪರಿಹಾರವಾಗಿ ರೂಪುಗೊಂಡದ್ದು ಡಿಬಿಕಾನ್ಫಿಗ್-ಕಾಮನ್. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಯಾವುದೇ ಇರಲಿ, ಎಲ್ಲ ಪ್ಯಾಕೇಜ್‌ಗಳ ಪರವಾಗಿ ಇದೊಂದೇ ಪ್ರಶ್ನೆ ಕೇಳುತ್ತದೆ.

ಇದರಿಂದ ಅನುವಾದಕರಿಗಾದ ಲಾಭವನ್ನು ಸರಳ ಲೆಕ್ಕದಲ್ಲೇ ಕಾಣಬಹುದು. ಹತ್ತು ಪ್ಯಾಕೇಜ್‌ಗಳು ಒಂದೇ ಪ್ರಶ್ನೆಯನ್ನು ಹತ್ತು ರೀತಿಯಲ್ಲಿ ಕೇಳಿದರೆ ಮೂವತ್ತು ಭಾಷೆಗಳಲ್ಲಿ ಮುನ್ನೂರು ಅನುವಾದಗಳು ಬೇಕು. ಪ್ರಶ್ನೆ ಒಂದೇ ಆದರೆ ಮೂವತ್ತು ಸಾಕು. ಕೆಲವೇ ಸ್ವಯಂಸೇವಕರಿರುವ ಕನ್ನಡದಂತಹ ಭಾಷೆಗೆ ಈ ಉಳಿತಾಯವೇ ಜೀವಾಳ.

ಆದರೆ ಪ್ರಶ್ನೆ ಒಂದಾದಷ್ಟೂ ಅದರ ಅನುವಾದದ ಹೊಣೆ ಹೆಚ್ಚುತ್ತದೆ. ಅಲ್ಲಿನ ಒಂದು ತಪ್ಪು ಎಲ್ಲ ಪ್ಯಾಕೇಜ್‌ಗಳಿಗೂ ಹರಡುತ್ತದೆ. ಡೆಬಿಯನ್‌ನಲ್ಲಿ ‘ರಿಮೂವ್’ ಎಂದರೆ ತಂತ್ರಾಂಶವನ್ನು ತೆಗೆದು ಅದರ ಸಂರಚನಾ ಕಡತಗಳನ್ನು ಉಳಿಸುವುದು. ‘ಪರ್ಜ್’ ಎಂದರೆ ಅವುಗಳನ್ನೂ ನಿರ್ಮೂಲಗೊಳಿಸುವುದು. ಪರ್ಜ್ ಮಾಡುವಾಗ ದತ್ತಸಂಚಯವನ್ನೂ ಅಳಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಎರಡಕ್ಕೂ ‘ಅಳಿಸು’ ಎಂದೇ ಬರೆದರೆ ಓದುಗನಿಗೆ ಅಪಾಯದ ಸುಳಿವೇ ಸಿಗದು. ‘ತೆಗೆ’ ಮತ್ತು ‘ನಿರ್ಮೂಲಗೊಳಿಸು’ ಎಂಬ ಎರಡು ಪದಗಳನ್ನು ನಿಗದಿಪಡಿಸಿ, ಎಲ್ಲೆಡೆ ಅವನ್ನೇ ಬಳಸುವುದು ಉಚಿತ. ದತ್ತಸಂಚಯ, ದತ್ತಾಂಶಕೋಶ, ಮಾಹಿತಿಕೋಶ ಎಂಬ ಪದಗಳ ಪೈಕಿಯೂ ಒಂದನ್ನೇ ಆರಿಸಿಕೊಳ್ಳಬೇಕಾಗುತ್ತದೆ.

ಕನ್ನಡದ ವ್ಯಾಕರಣವೂ ಇಲ್ಲಿ ತನ್ನ ಹಕ್ಕನ್ನು ಕೇಳುತ್ತದೆ. ಈ ಪ್ರಶ್ನೆಗಳಲ್ಲಿ ಪ್ಯಾಕೇಜ್‌ನ ಹೆಸರಿನ ಜಾಗ ಖಾಲಿಯಿದ್ದು, ಗಣಕವು ಅದನ್ನು ನಂತರ ತುಂಬುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ ಒಂದು ಪದವಿಟ್ಟರೆ ಸಾಕು. ನಮ್ಮಲ್ಲಿ ಪುಸ್ತಕಕ್ಕೆ, ಹಳ್ಳಿಗೆ, ಊರಿಗೆ ಎಂದು ಪ್ರಕೃತಿಗೆ ತಕ್ಕಂತೆ ರೂಪ ಬದಲಾಗುತ್ತದೆ. ಬರಲಿರುವ ಹೆಸರು ಗೊತ್ತಿಲ್ಲದೆ ಪ್ರತ್ಯಯ ಹಚ್ಚುವುದೆಂತು? ‘ಎಂಬ ತಂತ್ರಾಂಶಕ್ಕೆ’ ಎಂದು ಬರೆದರೆ ವಾಕ್ಯ ಎಲ್ಲ ಹೆಸರುಗಳಿಗೂ ಒಪ್ಪುತ್ತದೆ. ಇಂತಹ ಉಪಾಯಗಳು ಒಬ್ಬ ಅನುವಾದಕನ ನೆನಪಿನಲ್ಲೇ ಉಳಿಯದೆ ಬರಹಕ್ಕಿಳಿಯಬೇಕು.

ಅನುವಾದ ಒಮ್ಮೆ ಮುಗಿದರೆ ಮುಗಿಯುವ ಕೆಲಸವೂ ಅಲ್ಲ. ಮೂಲ ಇಂಗ್ಲಿಷ್ ವಾಕ್ಯ ತುಸು ಬದಲಾದರೂ ಹಳೆಯ ಅನುವಾದವನ್ನು ‘ಸಂದಿಗ್ಧ’ ಎಂದು ಗುರುತಿಸಿ ಬದಿಗಿಡಲಾಗುತ್ತದೆ. ಯಾರಾದರೂ ಪರಿಶೀಲಿಸುವವರೆಗೆ ಬಳಕೆದಾರನಿಗೆ ಇಂಗ್ಲಿಷೇ ಗತಿ. ಆದ್ದರಿಂದ ಉತ್ಸಾಹದ ಒಂದು ಶಿಬಿರಕ್ಕಿಂತ ನಿರಂತರ ಪಾಲನೆ ಮುಖ್ಯ.

ಡೆಬಿಯನ್‌ನ ಚಿತ್ರಾತ್ಮಕ ಅನುಸ್ಥಾಪಕದಲ್ಲಿ ಕನ್ನಡಕ್ಕೆ ಈಗಾಗಲೇ ಸ್ಥಾನವಿದೆ. ಬಾಗಿಲು ತೆರೆದಿದೆ; ಒಳಗಿನ ಕೋಣೆಗಳಿಗೂ ಬೆಳಕು ತಲುಪಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ತಂತ್ರಾಂಶ ಸ್ವಯಂಸೇವಕರು ಒಂದೆಡೆ ಕುಳಿತು, ದತ್ತಸಂಚಯಕ್ಕೆ ಸಂಬಂಧಿಸಿದ ನೂರು ಪದಗಳನ್ನಾದರೂ ನಿಗದಿಪಡಿಸಿ, ಯಾರು ಬೇಕಾದರೂ ಬಳಸುವಂತೆ ಪ್ರಕಟಿಸಲಿ. ‘ಈ ದಾಖಲೆಗಳನ್ನು ಶಾಶ್ವತವಾಗಿ ನಿರ್ಮೂಲಗೊಳಿಸಬೇಕೇ?’ ಎಂದು ಗಣಕ ಕೇಳಿದಾಗ, ಅದನ್ನು ಅರ್ಥಮಾಡಿಕೊಂಡು ‘ಬೇಡ’ ಎನ್ನುವ ಅವಕಾಶ ಕನ್ನಡವನ್ನಷ್ಟೇ ಬಲ್ಲ ಗುಮಾಸ್ತನಿಗೂ ಇರಬೇಕು.