ಹುಲಿ ಕಟ್ಟುವುದು ಹೇಗೆ?

ಬೇಲೂರಿನ ಗುಡಿಯಲ್ಲಿ ಸಳ ಒಬ್ಬನೇ ಹುಲಿಯೊಡನೆ ಹೋರಾಡುತ್ತಾನೆ. ಹುಲಿ-ಕುರಿ ಆಟದಲ್ಲಿ ಹಾಗಲ್ಲ. ಇಲ್ಲಿ ಹುಲಿಯನ್ನು ಕೊಲ್ಲುವಂತಿಲ್ಲ, ಕಟ್ಟಬೇಕು. ಅದೂ ಕುರಿಗಳೇ ಕಟ್ಟಬೇಕು!

ತ್ರಿಕೋನದ ಮನೆಯಲ್ಲಿ ಕಾಯಿ ಇಡುವ ಜಾಗ 23. ಹುಲಿ 3, ಕುರಿ 15. ಹುಣಸೆಬೀಜ, ಕಲ್ಲು ಸಾಕು. ಹುಲಿಗಳನ್ನು ಮೊದಲೇ ಇಡಬೇಕು. ಆಮೇಲೆ ಕುರಿಯವನು ಒಂದು ಕುರಿ ಇಟ್ಟರೆ ಹುಲಿಯವನು ಒಂದು ಹುಲಿ ನಡೆಸುತ್ತಾನೆ. 15 ಕುರಿಯೂ ಇಟ್ಟು ಮುಗಿಯೋ ತನಕ ಕುರಿ ನಡೆಸುವಂತಿಲ್ಲ.

ಹುಲಿ ಹೊಡೆಯುವುದು: ಪಕ್ಕದಲ್ಲಿ ಕುರಿ ಇದ್ದು, ಅದೇ ಗೆರೆಯಲ್ಲಿ ನೇರ ಆಚೆ ಜಾಗ ಖಾಲಿ ಇದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಸೊಟ್ಟಗೆ ಹಾರುವಂತಿಲ್ಲ. ಸಾಲಾಗಿ ಎರಡು ಕುರಿ ಇದ್ದರೆ ಹಾರೋಕೆ ಆಗಲ್ಲ. ಆದ್ದರಿಂದ ಕುರಿಯ ಬೆನ್ನಿಗೆ ಕುರಿ ಇಡಿ. ಪಕ್ಕದ ಗೆರೆಯನ್ನೂ ನೋಡಿಕೊಳ್ಳಿ.

ಹುಲಿ ಕಟ್ಟುವುದು: ಮೂರೂ ಹುಲಿಗಳಿಗೆ ನಡೆಯಲೂ ಹಾರಲೂ ದಾರಿ ಇಲ್ಲದಾದರೆ ಕುರಿ ಗೆದ್ದಂತೆ. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಅನ್ನೋದು ಊರೂರಿಗೆ ಬೇರೆ. ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಜಗಳ ಬೇಡ.

ಚೀನಾದಲ್ಲಿ ಹುಟ್ಟಿದ 'ಗೋ' ಆಟದಲ್ಲೂ ಸುತ್ತುಗಟ್ಟುವುದೇ ಮುಖ್ಯ. ಅಲ್ಲಿ ಹಾರುವುದಿಲ್ಲ. ನಡುವಿನ ಒಂಟಿ ಕಾಯಿಯ ನಾಲ್ಕೂ ಪಕ್ಕವನ್ನು ಎದುರಾಳಿ ಮುಚ್ಚಿದರೆ ಕಾಯಿ ಹೊರಗೆ. ನಮ್ಮ ಹುಲಿಯಾದರೆ ಮನೆಯಲ್ಲೇ ಸಿಕ್ಕಿಬಿದ್ದಿರುತ್ತೆ!

ಹಳೇ ಗುಡಿಗಳ ಕಲ್ಲುಹಾಸಿನ ಮೇಲೆ ಇಂಥ ಮನೆಗಳನ್ನು ಕೊರೆದಿರುವುದುಂಟು. ನಾವು ಕೊರೆಯುವುದು ಬೇಡ. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ನಮಗೆ ಶಾಲೆಯ ನೆಲ, ಒಂದು ತುಂಡು ಸೀಮೆಸುಣ್ಣ ಸಾಕು.