ಅಚ್ಚಿಗಿಳಿಸುವ ಮುನ್ನ ಒಂದು ಬೇಸಿಗೆ

ನಮ್ಮ ಸಗರನಾಡಿನ ಹಳ್ಳಿಗಳಲ್ಲಿ ತೇರು ಮಾಡಿಸುವುದಿರಲಿ, ಗುಡಿಗೆ ಕಳಸ ಏರಿಸುವುದಿರಲಿ, ಮೊದಲು ಪಟ್ಟಿ ಎತ್ತುವುದು ರೂಢಿ. ಕೊಟ್ಟವರ ಹೆಸರು, ಮೊತ್ತ ಹಿರಿಯರೆದುರು ದಾಖಲಾಗುತ್ತವೆ. ಕೆಲಸ ತಡವಾದರೆ ಕಟ್ಟೆಯ ಮೇಲೆ ಕುಳಿತು ಕಾರಣ ಕೇಳುವ ಹಕ್ಕು ಹತ್ತು ರೂಪಾಯಿ ಕೊಟ್ಟವನಿಗೂ ಇರುತ್ತದೆ. ಇಂದು ನಗರದ ಯುವ ಎಂಜಿನಿಯರುಗಳು ಅಂತರ್ಜಾಲದಲ್ಲಿ ಎತ್ತುತ್ತಿರುವುದೂ ಇಂಥದೇ ಪಟ್ಟಿ. ಕ್ರೌಡ್‌ಫಂಡಿಂಗ್ ಎಂಬುದು ಅದರ ಹೆಸರು. ಮಾದರಿಯೊಂದನ್ನು ತೋರಿಸಿ, ಬಳಸಬಯಸುವವರಿಂದಲೇ ಮುಂಗಡ ಪಡೆದು, ಆ ಹಣದಿಂದ ತಯಾರಿಕೆಗೆ ತೊಡಗುತ್ತಾರೆ.

ತಮ್ಮನ ಮಗನ ಒತ್ತಾಯಕ್ಕೆ ಮಣಿದು ನಾನೂ ಅಂಥದೊಂದು ಪಟ್ಟಿಗೆ 3,000 ರೂಪಾಯಿ ಬರೆಸಿದೆ. ಮಣ್ಣಿನ ತೇವಾಂಶ ಅಳೆದು ಮೊಬೈಲಿಗೆ ತಿಳಿಸುವ ಪುಟ್ಟ ಸಾಧನವದು. ನಾರಾಯಣಪುರದ ಬಸವಸಾಗರ 1982ರಲ್ಲಿ ಪೂರ್ಣಗೊಂಡ ಬಳಿಕ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರಗಳ ಎರೆಭೂಮಿಗೆ ಹರಿಯಿತು. ನೀರಿನೊಂದಿಗೆ ಭತ್ತ ಬಂತು, ಭತ್ತದೊಂದಿಗೆ ಸವಳೂ ಬಂತು. ‘ಇನ್ನು ನೀರು ಸಾಕು’ ಎಂದು ಹೇಳಬಲ್ಲ ಸಾಧನಕ್ಕೆ ನಮ್ಮ ಸೀಮೆಯಲ್ಲಿ ಬೆಲೆಯಿದೆ.

ಆರು ತಿಂಗಳಲ್ಲಿ ಕೈಗೆ ಬರಬೇಕಾದದ್ದು ಒಂದೂವರೆ ವರ್ಷವಾದರೂ ಬರಲಿಲ್ಲ. ಬಂದದ್ದು ಒಂದು ಪತ್ರ ಮಾತ್ರ. ಮಾದರಿಗೆ ಬಳಸಿದ್ದ ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಬಿರುಕು ಬಿಟ್ಟಿದೆ. ಮಣ್ಣಿನಲ್ಲಿ ಹೂತ ಲೋಹದ ಕಡ್ಡಿಗಳನ್ನು ಉಪ್ಪು ತಿಂದಿದೆ. ಹೊರಕವಚ, ಸಂವೇದಕ ಎರಡನ್ನೂ ಬದಲಿಸಿ ಮತ್ತೊಂದು ಬೇಸಿಗೆ ಪರೀಕ್ಷಿಸಿದ ಬಳಿಕವೇ ಅಚ್ಚು ಮಾಡಿಸುತ್ತೇವೆ ಎಂಬುದು ಅದರ ಸಾರಾಂಶ. ಸಿಟ್ಟು ಬಂತು. ಹಣ ಹಿಂದಿರುಗಿಸಿ ಎಂದು ಬರೆಯಲು ಕುಳಿತೆ. ಆಗ ನೆನಪಾದದ್ದು ನಮ್ಮೂರ ‘ಬೋರಿಂಗು’.

1972ರ ಬರಗಾಲದ ಹೊತ್ತಿಗೆ ನಾನು ಶಾಲಾ ಬಾಲಕ. ಆ ಕಾಲದಲ್ಲಿ ಕೊಳವೆಬಾವಿಗಳ ಮೇಲೆ ಕೂರಿಸುತ್ತಿದ್ದ ಎರಕದ ಕಬ್ಬಿಣದ ಕೈಪಂಪುಗಳು ಮೂಲತಃ ಪಾಶ್ಚಾತ್ಯ ದೇಶಗಳ ಒಂದೊಂದು ಮನೆಯ ಬಳಕೆಗೆ ರೂಪಿಸಿದಂಥವು. ಇಲ್ಲಿ ಅವುಗಳ ಮುಂದೆ ಇಡೀ ಊರೇ ಕೊಡ ಹಿಡಿದು ನಿಲ್ಲುತ್ತಿತ್ತು. ಹಿಡಿಕೆ ಮುರಿಯಿತೆಂದರೆ ನೀರು ನೆಲದೊಳಗೇ ಉಳಿಯುತ್ತಿತ್ತು. 1974ರಲ್ಲಿ ಯುನಿಸೆಫ್ ನಡೆಸಿದ ಸಮೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಪಂಪುಗಳು ಕೆಟ್ಟು ನಿಂತದ್ದು ಕಂಡುಬಂತು. ಹಣ ಖರ್ಚಾಗಿತ್ತು, ಬಾವಿ ಕೊರೆದಾಗಿತ್ತು; ಸೋತದ್ದು ವಿನ್ಯಾಸ ಮತ್ತು ಲೋಹ.

ಪರಿಹಾರದ ಬೇರು ದೊರೆತದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ. ಅಲ್ಲಿ ರೂಪುಗೊಂಡಿದ್ದ ಗಟ್ಟಿಮುಟ್ಟಾದ ಪಂಪನ್ನೇ ಬುನಾದಿಯಾಗಿಟ್ಟುಕೊಂಡು ತಜ್ಞರು ಹೊಸ ಮಾದರಿಗಳನ್ನು ಸಿದ್ಧಪಡಿಸಿದರು. ಎರಕದ ಕಬ್ಬಿಣದ ಬದಲು ಉಕ್ಕು ಬಂತು. ಸರಳು ನೆಟ್ಟಗೆ ಏರಿಳಿಯುವಂತೆ ಚೈನು, ಹಿಡಿಕೆಗೆ ಬೇರಿಂಗು ಬಂದವು. ಕೊಯಮತ್ತೂರಿನ ಸುತ್ತಲಿನ ಆಳದ ಬಾವಿಗಳಿಗೆ ಅವನ್ನು ಜೋಡಿಸಿ, ಹಳ್ಳಿಗರ ಕೈಯಲ್ಲೇ ಹೊಡೆಸಿ ನೋಡಿದ ಮೇಲಷ್ಟೇ 1970ರ ದಶಕದ ಕೊನೆಯಲ್ಲಿ ‘ಇಂಡಿಯಾ ಮಾರ್ಕ್-2’ ದೊಡ್ಡ ಪ್ರಮಾಣದ ತಯಾರಿಕೆಗೆ ಹೋಯಿತು. ಮುಂದೆ ಅದು ಆಫ್ರಿಕದ ಹಳ್ಳಿಗಳನ್ನೂ ತಲುಪಿತು.

ಅದರಲ್ಲೂ ಒಂದು ಕೊರತೆ ಉಳಿದಿತ್ತು. 1980ರ ದಶಕದ ಬರಗಾಲದಲ್ಲಿ ಹೊಸ ಅಧಿಕಾರಿಯಾಗಿದ್ದ ನಾನು ಅದನ್ನು ಕಣ್ಣಾರೆ ಕಂಡೆ. ತಳದ ಚರ್ಮದ ವಾಶರ್ ಸವೆದರೆ ಕೊಳವೆಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ವಿಶೇಷ ಸಲಕರಣೆಯ ತಂಡ ದೂರದಿಂದ ಬರಬೇಕು. ಚರ್ಮದ ಚೂರೊಂದಕ್ಕಾಗಿ ಊರು ವಾರಗಟ್ಟಲೆ ಕಾಯುತ್ತಿತ್ತು. ಮತ್ತೆ ಕೊಯಮತ್ತೂರಿನಲ್ಲೇ ವರ್ಷಗಳ ಪರೀಕ್ಷೆ ನಡೆದು, ಕೊಳವೆ ಎತ್ತದೆಯೇ ಕೊಂತವನ್ನು ಹೊರತೆಗೆಯಬಹುದಾದ, ಚರ್ಮದ ಬದಲು ನೈಟ್ರೈಲ್ ರಬ್ಬರಿನ ವಾಶರ್ ಉಳ್ಳ ಮಾರ್ಕ್-3 ರೂಪುಗೊಂಡಿತು.

ಅಂದು ಈ ತಾಳ್ಮೆಯ ವೆಚ್ಚವನ್ನು ಹೊತ್ತದ್ದು ಸರ್ಕಾರ ಮತ್ತು ಯುನಿಸೆಫ್. ಇಂದು ಅದನ್ನು ಹೊರುವವರು ಪಟ್ಟಿ ಕೊಟ್ಟ ಜನ. ಬಂಡವಾಳ ಹೂಡಿದವನಿಗಿರುವ ಪಾಲಾಗಲಿ, ಅಂಗಡಿಯ ಗಿರಾಕಿಗಿರುವ ಖಾತ್ರಿಯಾಗಲಿ ಅವರಿಗಿಲ್ಲ. 2014ರಲ್ಲಿ ಪ್ರಕಟವಾದ ಈಥನ್ ಮೊಲಿಕ್ ಅವರ ಅಧ್ಯಯನದ ಪ್ರಕಾರ, ಅಮೆರಿಕದ ಕಿಕ್‌ಸ್ಟಾರ್ಟರ್ ತಾಣದ ಇಂಥ ಯೋಜನೆಗಳಲ್ಲಿ ಶೇ 75ಕ್ಕೂ ಹೆಚ್ಚು ತಡವಾಗಿ ವಸ್ತು ತಲುಪಿಸಿದ್ದವು. ಅದೇ ವರ್ಷ ‘ಕೂಲೆಸ್ಟ್ ಕೂಲರ್’ ಎಂಬ ತಂಪುಪೆಟ್ಟಿಗೆಗೆ 62 ಸಾವಿರಕ್ಕೂ ಹೆಚ್ಚು ಜನ 1.3 ಕೋಟಿ ಡಾಲರ್ ಮೀರಿ ಕೊಟ್ಟರು. 2019ರಲ್ಲಿ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಮಂದಿಗೆ ಪೆಟ್ಟಿಗೆ ತಲುಪಿಯೇ ಇರಲಿಲ್ಲ.

ಹೀಗಿರುವಾಗ ತಡವನ್ನೆಲ್ಲ ಕ್ಷಮಿಸಬೇಕೆಂದು ನಾನು ಹೇಳುತ್ತಿಲ್ಲ. ತಡದಲ್ಲಿ ಎರಡು ಬಗೆ. ಹಣ ಕರಗಿಹೋಗಿ, ಹೇಳಲು ಬಾಯಿಲ್ಲದೆ ಆಗುವ ತಡ ಒಂದು. ತಪ್ಪನ್ನು ಕಂಡುಕೊಂಡು ತಿದ್ದಲು ತಗಲುವ ತಡ ಇನ್ನೊಂದು. ಪ್ಲಾಸ್ಟಿಕ್ ಕವಚಕ್ಕೆ ಬೇಕಾದ ಉಕ್ಕಿನ ಅಚ್ಚಿಗೆ ಲಕ್ಷಗಟ್ಟಲೆ ಖರ್ಚು. ಒಮ್ಮೆ ಕೆತ್ತಿದ ಮೇಲೆ ಅಚ್ಚಿನಿಂದ ಇನ್ನಷ್ಟು ಉಕ್ಕು ತೆಗೆಯಬಹುದು. ತೆಗೆದದ್ದನ್ನು ಮರಳಿ ತುಂಬುವುದು ದುಬಾರಿ. ಕಾಗದದ ಮೇಲಿನ ತಿದ್ದುಪಡಿ ರಬ್ಬರಿನಿಂದ ಮುಗಿಯುತ್ತದೆ. ಅಚ್ಚಿನ ಬಳಿಕದ ತಿದ್ದುಪಡಿ ಪಟ್ಟಿಯ ಹಣವನ್ನೇ ನುಂಗುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಲೆಕ್ಕ ಹಾಕಿದರೆ, ನನ್ನ 3,000 ರೂಪಾಯಿಯ ಒಂದು ವರ್ಷದ ಬಡ್ಡಿಗಿಂತ ಒಂದೇ ಬೇಸಿಗೆಗೆ ಬಿರಿಯುವ ಸಾಧನದ ನಷ್ಟವೇ ಹೆಚ್ಚು.

ಆದರೆ ಆ ತರುಣರ ಮೌನಕ್ಕೆ ಸಮರ್ಥನೆಯಿಲ್ಲ. ಪ್ಲಾಸ್ಟಿಕ್ ಬಿರಿದ ದಿನವೇ ತಿಳಿಸಬೇಕಿತ್ತು. ಹಣ ಪಡೆಯುವ ಮುನ್ನ ಮಾದರಿಯನ್ನು ಎಲ್ಲಿ, ಎಷ್ಟು ದಿನ ಪರೀಕ್ಷಿಸಲಾಗಿದೆ, ತಿದ್ದುಪಡಿಗೆಂದು ಎಷ್ಟು ಮೊತ್ತ ತೆಗೆದಿಡಲಾಗಿದೆ, ಕಾಯಲೊಲ್ಲದವರಿಗೆ ಹಣ ಮರಳುವ ದಾರಿ ಯಾವುದು ಎಂಬುದನ್ನು ಬಹಿರಂಗಪಡಿಸುವುದು ಕಡ್ಡಾಯವಾಗಬೇಕು. ಊರಿನ ಪಟ್ಟಿಗಿರುವ ಲೆಕ್ಕದ ಮರ್ಯಾದೆ ಅಂತರ್ಜಾಲದ ಪಟ್ಟಿಗೂ ಇರಲಿ.

ಹಣ ಕೇಳುವ ಪತ್ರವನ್ನು ನಾನು ಕಳುಹಿಸಲಿಲ್ಲ. ಅದರ ಬದಲು ಎರಡು ಮಾತು ಬರೆದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಹೊಲದಲ್ಲಿ, ಸವಳು ಹತ್ತಿದ ಮೂಲೆಯಲ್ಲೇ, ನಿಮ್ಮ ಹೊಸ ಮಾದರಿಯನ್ನು ಹೂತು ನೋಡಿ. ಮತ್ತು ಅದರ ಬ್ಯಾಟರಿ ಸತ್ತರೆ ಶಹಾಪುರದ ಅಂಗಡಿಯಲ್ಲಿ ಸಿಗುವಂಥದನ್ನೇ ಹಾಕುವಂತಿರಲಿ. ಮೊದಲನೆಯದಕ್ಕೆ ಒಪ್ಪಿಗೆ ಬಂದಿದೆ. ಎರಡನೆಯದರ ಉತ್ತರಕ್ಕೆ ಕಾಯುತ್ತಿದ್ದೇನೆ.